ನಡುಮನೆಯಲ್ಲಿ ನಿಂತ ಕರಿಮಣಿ ಹೆಂಗಸು

ಮಣಿ ಪೋಣಿಸುವುದರಲ್ಲಿ ಕಷ್ಟವೇನಿದೆ ಹೇಳಿ? ಸೂಜಿಗೆ ತೂತಿದೆ, ಮಣಿಗೆ ತೂತಿದೆ, ನನಗೆ ಎರಡು ಕೈಯಿವೆ. ಇಷ್ಟೇ ಬಂಡವಾಳ ನಂಬಿಕೊಂಡು ನಾನು ವಿಕ್ಟೋರಿಯಾ ರಾಣಿಯ ಕಾಲದ ಉಡುಪೊಂದನ್ನು ಬನಶಂಕರಿ ಎರಡನೇ ಹಂತದ ನಮ್ಮ ಬಾಡಿಗೆ ಮನೆಯಲ್ಲಿ ಸೃಷ್ಟಿಸಲು ಹೊರಟೆ.

ಎಪ್ಪತ್ತರ ದಶಕದ ಕೊನೆಯ ಮಾತು. ನನ್ನ ನಾದಿನಿ ವಿಜಯಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಆಗೆಲ್ಲ ಹೆಣ್ಣು ನೋಡಲು ಬಂದವರಿಗೆ ಉಪ್ಪಿಟ್ಟು, ಕೇಸರಿಬಾತಿನ ಜೊತೆಗೆ ಹುಡುಗಿಯ ಕೈಕೆಲಸವನ್ನೂ ಬಡಿಸಬೇಕಿತ್ತು. ಷೋಕೇಸಿನಲ್ಲಿ ಮಣಿಯ ಗಿಳಿ, ಗೋಡೆಗೆ ನೇತುಹಾಕಿದ ವೈರಿನ ಬುಟ್ಟಿ, ರೇಡಿಯೋ ಮೇಲೆ ಕ್ರೋಶಾ ಹೊದಿಕೆ. "ಎಲ್ಲಾ ನಮ್ ಹುಡುಗೀನೇ ಮಾಡಿದ್ದು" ಎಂದು ಮನೆಯವರು ಹೇಳಬೇಕು, ಬಂದವರು ನಂಬಿದಂತೆ ತಲೆಯಾಡಿಸಬೇಕು. ವಿಜಯ ಟೆಲಿಫೋನ್ ಆಪರೇಟರ್. ರವಿಕೆಯ ಹುಕ್ಕು ಕಿತ್ತರೆ ಪಿನ್ನು ಚುಚ್ಚಿಕೊಂಡು ಆಫೀಸಿಗೆ ಹೋಗುವವಳು. ನಮ್ಮ ಷೋಕೇಸಿನಲ್ಲಿ ಇದ್ದದ್ದು ಅತ್ತೆಯ ಕನ್ನಡಕದ ಡಬ್ಬಿ ಮಾತ್ರ.

ಈ ಸಲದ ಹುಡುಗ ಅವಳು ಹೋಗುವ ಬಸ್ಸಿನಲ್ಲೇ ಹೋಗುವವನು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಬಲ್ಲರು. "ಇದೊಂದು ಆಗ್ಬಿಟ್ರೆ ಚೆನ್ನಾಗಿರತ್ತೆ ಅತ್ತಿಗೆ" ಎಂದು ವಿಜಯ ಅಡುಗೆಮನೆಯಲ್ಲಿ ನನ್ನ ಹತ್ತಿರ ಮೆಲ್ಲಗೆ ಹೇಳಿ ಕಣ್ಣೊರೆಸಿಕೊಂಡಳು. ಆಗ ನಾವು ಈರುಳ್ಳಿಯನ್ನೇನೂ ಹೆಚ್ಚುತ್ತಿರಲಿಲ್ಲ. ಆದರೆ ಹುಡುಗನ ತಾಯಿ ಕಾನ್ವೆಂಟಿನಲ್ಲಿ ಟೀಚರಾಗಿದ್ದವರು, ಕೈಕೆಲಸ ಬಾರದ ಹುಡುಗಿ ಬೇಡವೇ ಬೇಡ ಎಂದಿದ್ದಾರಂತೆ. ಈ ಮದುವೆಯನ್ನು ಮಾಡಿಸಿಯೇ ತೀರುತ್ತೇನೆ ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿದೆ.

ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಕೊಂಡಿದ್ದ ಹಳೆಯ ಇಂಗ್ಲಿಷ್ ಪತ್ರಿಕೆಯೊಂದು ನನ್ನ ಹತ್ತಿರವಿತ್ತು. ಅದರಲ್ಲೊಂದು ಚಿತ್ರ. ಕಿಟಕಿಯ ಪಕ್ಕ ನಿಂತ ವಿಕ್ಟೋರಿಯಾ ಕಾಲದ ಹೆಂಗಸು. ಕತ್ತಿನಿಂದ ಕಾಲಿನವರೆಗೆ ಕಪ್ಪು ಉಡುಪು, ಅದರ ತುಂಬ ಕಪ್ಪು ಮಣಿ, ಕುತ್ತಿಗೆಗೆ ಮಣಿಯ ಪಟ್ಟಿ, ಸೊಂಟದಲ್ಲಿ ಮಣಿಯ ಕುಚ್ಚು ಇಳಿಬಿಟ್ಟ ಪುಟ್ಟ ಪರ್ಸು. ಮುಖದಲ್ಲಿ ರಕ್ತವೇ ಇಲ್ಲ. ಪುಟವನ್ನು ಹೇಗೆ ತಿರುಗಿಸಿದರೂ ನನ್ನನ್ನೇ ನೋಡುತ್ತಿದ್ದಳು. ಗಿಳಿ, ಬುಟ್ಟಿ ಎಲ್ಲರ ಮನೆಯಲ್ಲೂ ಇರುತ್ತವೆ, ಇಂಥ ಹೆಂಗಸು ಯಾರ ಮನೆಯಲ್ಲಿದ್ದಾಳೆ ಎಂದು ನಾನು ಹಿಗ್ಗಿದೆ.

ಚಿಕ್ಕಪೇಟೆಯಿಂದ ಚೀಲದ ತುಂಬ ಕರಿಮಣಿ ಬಂತು. ಅತ್ತೆ ಎದೆ ಹಿಡಿದುಕೊಂಡರು. "ಮದ್ವೆ ಆಗ್ದಿರೋ ಹುಡುಗೀಗೆ ಕರಿಮಣೀನಾ? ಬಿಡ್ತು ಅನ್ನು!"

"ಅವಳು ಹಾಕ್ಕೊಳಲ್ಲ ಅತ್ತೆ. ಬರೀ ತೋರ್ಸೋದಕ್ಕೆ."

ಇನ್ನು ಬಟ್ಟೆ. ನಮ್ಮವರ ಮದುವೆಯ ಕರಿ ಕೋಟು ಟ್ರಂಕಿನಲ್ಲಿ ಸುಮ್ಮನೆ ಮಲಗಿತ್ತು. ಹೊಟ್ಟೆ ಬಂದ ಮೇಲೆ ಅದು ಅವರಿಗೆ ಆಗುತ್ತಲೂ ಇರಲಿಲ್ಲ. ಕುಟುಂಬದ ಒಳಿತಿಗಾಗಿ ಅದನ್ನೂ, ಸಾಲದೆ ಬಂದದ್ದಕ್ಕೆ ನನ್ನ ಹಳೆಯ ಕರಿ ಲಂಗವನ್ನೂ ಕತ್ತರಿಗೆ ಒಪ್ಪಿಸಿದೆ. ದಾರಕ್ಕೆ ಜೇನುಮೇಣ ಸವರಬೇಕೆಂದು ಪತ್ರಿಕೆಯಲ್ಲಿ ಬರೆದಿತ್ತು, ಇಲ್ಲದಿದ್ದರೆ ಮಣಿ ಜೋಲುತ್ತದಂತೆ. ಜೇನುಮೇಣಕ್ಕೆ ನಾನೆಲ್ಲಿ ಹೋಗಲಿ? ಸೀರೆಯನ್ನು ಸೆಟೆದು ನಿಲ್ಲಿಸುವ ಗಂಜಿ ದಾರವನ್ನು ನಿಲ್ಲಿಸದೇ? ಅನ್ನದ ಗಂಜಿಯನ್ನು ಗಟ್ಟಿಯಾಗಿ ಕಾಯಿಸಿ, ಅಂಟಿಗೆಂದು ಒಂದು ಚೂರು ಬೆಲ್ಲ ಸೇರಿಸಿ, ದಾರವನ್ನೆಲ್ಲ ಅದ್ದಿ ಒಣಗಿಸಿದೆ. ಇಂಗ್ಲೆಂಡಿನಲ್ಲಿ ಯಾರಿಗೂ ಹೊಳೆಯದ ಉಪಾಯ!

ಉಡುಪು ಮುಗಿಯಿತು. ಸೊಳ್ಳೆಪರದೆಯ ಕೋಲನ್ನು ಸ್ಟೂಲಿಗೆ ಕಟ್ಟಿ, ಎದೆಗೆ ದಿಂಬು ಕಟ್ಟಿ, ಅದಕ್ಕೆ ತೊಡಿಸಿ ನಡುಮನೆಯ ಮೂಲೆಯಲ್ಲಿ ನಿಲ್ಲಿಸಿದೆ. ತಲೆಯೊಂದಿಲ್ಲ, ಮಿಕ್ಕಂತೆ ಚಿತ್ರದ ಹೆಂಗಸೇ. ಆಫೀಸಿನಿಂದ ಬಂದ ನಮ್ಮವರು ಬಾಗಿಲಲ್ಲೇ ಚಪ್ಪಲಿ ಬಿಡುತ್ತ, "ಯಾರೋ ಬಂದಿದಾರೆ, ಕಾಫಿ ಕೊಟ್ಯಾ?" ಎಂದರು. ಆಮೇಲೆ ತಲೆ ಇಲ್ಲದ್ದನ್ನು ಕಂಡು ಮತ್ತೆ ಚಪ್ಪಲಿ ಹಾಕಿಕೊಂಡರು.

ಆಗ ನಮ್ಮ ಮನೆಯ ಎದುರಿಗೂ ಖಾಲಿ ಸೈಟು, ಎರಡು ಪಕ್ಕಕ್ಕೂ ಖಾಲಿ ಸೈಟು. ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಗಾಳಿಯ ಸದ್ದು ಬಿಟ್ಟರೆ ಮತ್ತೇನೂ ಕೇಳದು. ಅಂಥ ಒಂದು ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತಿದ್ದಾಗ ನಡುಮನೆಯಲ್ಲಿ 'ಟಿಕ್' ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ 'ಟಿಕ್'. ಹೋಗಿ ನೋಡಿದರೆ ಕರಿಮಣಿಯೊಂದು ಕೆಂಪು ನೆಲದ ಮೇಲೆ ತನ್ನ ಪಾಡಿಗೆ ತಾನು ಉರುಳುತ್ತ ನನ್ನ ಕಾಲಿನವರೆಗೆ ಬಂದು ನಿಂತಿತು. ಇನ್ನೂ ಒಂದು ವಿಷಯ. ಬಾಗಿಲ ಕಡೆಗೆ ಮುಖ ಮಾಡಿ ನಾನು ನಿಲ್ಲಿಸಿದ್ದ ಹೆಂಗಸು ಕಿಟಕಿಯ ಕಡೆ ತಿರುಗಿದ್ದಳು.

"ಅತ್ತೆ, ನೀವೇನಾದ್ರೂ ತಿರುಗಿಸಿದ್ರಾ?"

"ನಾನ್ಯಾಕಮ್ಮ ಮುಟ್ಲಿ ಆ ಪೀಡೇನಾ? ಬಚ್ಚಲಿಗೆ ಹೋಗ್ಬೇಕಾದ್ರೂ ಹಿತ್ತಲಿಂದ ಸುತ್ಕೊಂಡು ಹೋಗ್ತಿದೀನಿ."

ನಾನು ಬಾಗಿಲ ಕಡೆ ತಿರುಗಿಸಿ ಇಡುತ್ತಿದ್ದೆ, ಮರುದಿನ ಅದು ಕಿಟಕಿಯ ಕಡೆ ಇರುತ್ತಿತ್ತು. ಬಿಚ್ಚಿ ಒಳಗಿಡೋಣವೆಂದರೆ ಷೋಕೇಸು ಖಾಲಿ, ವಿಜಯಳ ಮುಖ ಕಣ್ಣೆದುರಿಗೆ. ಹೆದರಿಕೆಯನ್ನು ನುಂಗಿಕೊಂಡು, ಬಿದ್ದ ಮಣಿಗಳನ್ನು ಹೆಕ್ಕಿ ಡಬ್ಬಿಗೆ ಹಾಕುತ್ತ ದಿನ ದೂಡಿದೆ.

ಅವರು ಬಂದದ್ದು ಮುಸ್ಸಂಜೆಗೆ. ಹುಡುಗ, ಅವನ ತಂದೆ, ತಾಯಿ. ತಾಯಿ ಕೂತವರೇ ಮೂಲೆಯ ಕಡೆ ನೋಡಿ ಸ್ತಬ್ಧರಾದರು. ಅತ್ತೆ ಪಾಠ ಒಪ್ಪಿಸಿದರು. "ಎಲ್ಲಾ ನಮ್ ವಿಜಯಾನೇ ಮಾಡಿದ್ದು."

ಹುಡುಗನ ತಾಯಿ ಎದ್ದು ಹತ್ತಿರ ಹೋಗಿ ಕನ್ನಡಕ ಸರಿಮಾಡಿಕೊಂಡರು. "ಇದು ವಿಕ್ಟೋರಿಯಾ ಕಾಲದ್ದು ಅಲ್ವಾ?"

ನನ್ನ ಎದೆ ಉಬ್ಬಿತು. "ಹೌದು ಮೇಡಂ! ಹೇಗೆ ಗೊತ್ತಾಯ್ತು?"

"ಹಿಸ್ಟರಿ ಟೀಚರಮ್ಮ ನಾನು. ಅಲ್ಲಿ ಗಂಡ ಸತ್ತಾಗ ಹೆಂಗಸರು ಇದನ್ನ ಹಾಕ್ಕೊಳ್ಳೋರು. ಸೂತಕದ ಬಟ್ಟೆ ಇದು."

ಗಂಡ ಇದ್ದಾನೆಂದು ಇಲ್ಲಿ ಕಟ್ಟಿಕೊಳ್ಳುವ ಕರಿಮಣಿಯನ್ನು ಅಲ್ಲಿ ಗಂಡ ಸತ್ತನೆಂದು ತೊಡುತ್ತಿದ್ದರು. ನಾನೋ, ಗಂಡನೇ ಸಿಗದ ಹುಡುಗಿಯ ಹೆಸರಿನಲ್ಲಿ ಅದನ್ನು ತಂದು ನಿಲ್ಲಿಸಿದ್ದೆ! ಅಷ್ಟರಲ್ಲಿ ಕರೆಂಟು ಹೋಯಿತು.

ಗಾಢ ಕತ್ತಲು. 'ಟಿಕ್.' 'ಟಿಕ್. ಟಿಕ್.'

"ಏನದು ಸದ್ದು?" ತಾಯಿಯ ದನಿ ಸಣ್ಣಗಾಗಿತ್ತು.

"ನಲ್ಲಿ ತೊಟ್ಟಿಕ್ತಿದೆ" ಎಂದರು ನಮ್ಮವರು. ನಲ್ಲಿಯಲ್ಲಿ ಬೆಳಗಿನಿಂದ ನೀರೇ ಇರಲಿಲ್ಲ.

ವಿಜಯ ಒಳಗಿನಿಂದ ಲಾಟೀನು ತಂದಳು. ಆ ಬೆಳಕಿನಲ್ಲಿ ನಾವೆಲ್ಲರೂ ಅದನ್ನು ಕಂಡೆವು. ತಲೆಯಿಲ್ಲದ ಹೆಂಗಸು ಉಸಿರಾಡುತ್ತಿದ್ದಳು. ಗಾಳಿಯಿಲ್ಲ, ಆದರೂ ಎದೆಯ ಮೇಲಿನ ಮಣಿಗಳು ಏಳುತ್ತಿದ್ದವು, ಇಳಿಯುತ್ತಿದ್ದವು. ಸೊಂಟದ ಪರ್ಸು ತಾನಾಗಿ ತೂಗಾಡುತ್ತಿತ್ತು. ಕುತ್ತಿಗೆಯ ಪಟ್ಟಿ ಮೆಲ್ಲಗೆ ಅಲುಗಿತು, ಯಾರೋ ಒಳಗಿನಿಂದ ಬಿಚ್ಚುತ್ತಿರುವ ಹಾಗೆ. ಅತ್ತೆ ಇದ್ದಬದ್ದ ದೇವರನ್ನೆಲ್ಲ ಕರೆಯತೊಡಗಿದರು. ನಮ್ಮವರು ಮಾತ್ರ ಗಂಭೀರವಾಗಿ ಎದ್ದು, "ಕರೆಂಟು ಎಲ್ರಿಗೂ ಹೋಗಿದ್ಯಾ ನೋಡ್ಕೊಂಡ್ ಬರ್ತೀನಿ" ಎಂದು ಬೀದಿಗೆ ಹೋದವರು ಬರಲೇ ಇಲ್ಲ.

ಪಟ್ಟಿ ಹರಿಯಿತು. ಮಣಿಗಳು ಧೋ ಎಂದು ಸುರಿದವು. ಅದರ ಹಿಂದೆಯೇ, ಹರಿದ ಕುತ್ತಿಗೆಯೊಳಗಿಂದ, ನನ್ನ ಬೆಲ್ಲದ ಗಂಜಿಯನ್ನು ಇಷ್ಟು ದಿನ ತಿಂದು ಕೊಬ್ಬಿದ ಜಿರಳೆಗಳು ಮೆರವಣಿಗೆ ಹೊರಟವು. ಒಂದು ಹಾರಿ ಹೋಗಿ ತಾಯಿಯ ರೇಷ್ಮೆ ಸೀರೆಯ ಮೇಲೆ ಕೂತಿತು.

ಆಕೆ ಕುರ್ಚಿ ಹತ್ತಿದರು. ಅವರ ಗಂಡ ಇನ್ನೊಂದು ಕುರ್ಚಿ ಹತ್ತಿದರು. ಹುಡುಗ ಯೋಚಿಸಿ ಟೀಪಾಯಿ ಹತ್ತಿದ. ನಾನು ಮಾನ ಉಳಿಸಲು ಮುಂದೆ ನುಗ್ಗಿದೆ. ಮಣಿಗಳ ಮೇಲೆ ಕಾಲಿಟ್ಟೆ. ಜಾರಿದೆ. ಆಸರೆಗೆಂದು ಹೆಂಗಸನ್ನೇ ಹಿಡಿದುಕೊಂಡೆ. ಅವಳು ಬಹಳ ದಿನದಿಂದ ಕಾಯುತ್ತಿದ್ದವಳಂತೆ ನನ್ನ ಮೇಲೆ ಬಿದ್ದಳು!

ಆಮೇಲಿನದನ್ನು ನಾನು ಅವಳ ಅಡಿಯಿಂದ ಕೇಳಿಸಿಕೊಂಡೆ. ವಿಜಯ ಲಾಟೀನನ್ನು ನೆಲಕ್ಕಿಟ್ಟು, ಪೊರಕೆ ಎತ್ತಿಕೊಂಡು, ಫಟ್ ಫಟ್ ಎಂದು ಒಂದೊಂದಾಗಿ ಜಿರಳೆಗಳನ್ನು ಬಡಿದಳು. ಹಾಸಿಗೆ ಕೊಡವುವಷ್ಟು ನಿರಾಳವಾಗಿ.

ಕುರ್ಚಿಯ ಮೇಲಿನಿಂದ ಪ್ರಶ್ನೆ ಬಂತು. "ನಿಜ ಹೇಳಮ್ಮ, ಇದನ್ನ ನೀನೇ ಮಾಡಿದ್ಯಾ?"

"ಇಲ್ಲ ಆಂಟಿ. ನಂಗೆ ಹುಕ್ ಹಾಕೋಕೂ ಬರಲ್ಲ. ಅತ್ತಿಗೆ ಮಾಡಿದ್ದು."

"ಎಲ್ಲಿ ನಿಮ್ಮತ್ತಿಗೆ?"

"ಅದರ ಕೆಳಗಿದಾರೆ."

ಉಪ್ಪಿಟ್ಟು ಮುಟ್ಟದೆ ಅವರು ಹೊರಟುಹೋದರು. ವಿಜಯ ನನ್ನನ್ನು ಒಂದು ಮಾತೂ ಬಯ್ಯಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. ಬೆಳಿಗ್ಗೆ ಬೇರೆ ಬಸ್ಸಿಗೆ ಹೋಗತೊಡಗಿದಳು. ನಾನು ಆ ಉಡುಪನ್ನು ಹಿತ್ತಲಿನಲ್ಲಿ ಸುಟ್ಟೆ. ನಮ್ಮವರು ದೂರದಲ್ಲಿ ನಿಂತು ತಮ್ಮ ಮದುವೆಯ ಕೋಟು ಉರಿಯುವುದನ್ನು ನೋಡಿದರು. ಮಣಿ ಬೀಳುತ್ತಿದ್ದದ್ದು ಜಿರಳೆಯಿಂದ, ಸರಿ. ಆದರೆ ಆ ಸ್ಟೂಲನ್ನು ಕಿಟಕಿಯ ಕಡೆ ತಿರುಗಿಸುತ್ತಿದ್ದವರು ಯಾರೆಂದು ಈವರೆಗೂ ಗೊತ್ತಾಗಿಲ್ಲ. ಜಿರಳೆಗಳಿಗೆ ಅಷ್ಟು ಬಲವಿಲ್ಲ.

ಒಂದು ಭಾನುವಾರ ಹುಡುಗನ ತಂದೆ ಒಬ್ಬರೇ ಬಂದರು. ನನ್ನನ್ನು ಕಂಡು ಬಾಗಿಲಲ್ಲೇ ಸ್ವಲ್ಪ ಹಿಂಜರಿದರು. ಆಮೇಲೆ ಒಳಗೆ ಕೂತು, ಕಾಫಿ ಕುಡಿದು ಹೇಳಿದರು. "ನೋಡಿ, ನಮ್ಮನೇಲಿ ಜಿರಳೆ ಕಂಡ್ರೆ ಎಲ್ರೂ ಕುರ್ಚಿ ಹತ್ತೋರೇ. ಕೆಳಗೆ ನಿಂತ್ಕೊಳ್ಳೋರು ಒಬ್ರು ಬೇಕು ಅಂತ ನಮ್ಮನೆಯವಳೇ ಅಂದ್ಲು. ಮಗನೂ ಕುಣೀತಿದಾನೆ. ನಮಗೆ ಹುಡುಗಿ ಒಪ್ಪಿಗೆ."

ಬಾಗಿಲ ಹಿಂದೆ ವಿಜಯ ನನ್ನ ಕೈಯನ್ನು ಮುರಿಯುವಂತೆ ಹಿಡಿದುಕೊಂಡಳು. ನಾನು ಅತ್ತೇಬಿಟ್ಟೆ.

"ಒಂದೇ ಒಂದು ಷರತ್ತು" ಎಂದು ಅವರು ಗಂಟಲು ಸರಿಮಾಡಿಕೊಂಡರು. "ಮದ್ವೇಲಿ ನಿಮ್ಮನೆ ಸೊಸೆ ಯಾವುದಕ್ಕೂ ಕೈ..."

"ಹಾಕಲ್ಲ!" ಎಂದರು ಅತ್ತೆ, ನಮ್ಮವರು, ವಿಜಯ, ಮೂವರೂ ಒಟ್ಟಿಗೆ.

ಆಮೇಲೆ ಛತ್ರದ ಬಗ್ಗೆ ಜಗಳವಾಯಿತು, ಮುಹೂರ್ತದ ಬಗ್ಗೆ ಜಗಳವಾಯಿತು, ಹೋಳಿಗೆಯೋ ಚಿರೋಟಿಯೋ ಎಂಬುದಕ್ಕೆ ಮಾತೇ ಮುರಿದುಬೀಳುವಂತಾಯಿತು. ಎರಡೂ ಕಡೆಯವರು ಚಕಾರವೆತ್ತದೆ ಒಪ್ಪಿದ್ದು ನನ್ನ ವಿಷಯವೊಂದನ್ನೇ.