ಉತ್ತುಂಗದೇವರ ಎಣ್ಣೆ ಬಾವಿಯೂ ಗುರುಬಸವ್ವನ ನೀರಿನ ಬಾವಿಯೂ

ಬಹಳ ಹಿಂದೆ, ಅಂದರೆ ಪತ್ರಿಕಾಗೋಷ್ಠಿಗಳನ್ನು ಡಂಗುರ ಹೊಡೆದು ನಡೆಸುತ್ತಿದ್ದ ಕಾಲದಲ್ಲಿ, ಪಾತಾಳಗಿರಿ ಎಂಬ ರಾಜ್ಯವೊಂದಿತ್ತು. ಅದನ್ನು ಧೀರಕೇಸರಿ ಉತ್ತುಂಗದೇವ ಮಹಾರಾಜರು ಆಳುತ್ತಿದ್ದರು. ಆಳುತ್ತಿದ್ದರು ಎಂದರೆ, ಮಧ್ಯಾಹ್ನದ ನಿದ್ದೆ ಮುಗಿಸಿ ಉಪ್ಪರಿಗೆಯ ಮೇಲೆ ಕುಳಿತು, ಪ್ರಜೆಗಳು ಇದ್ದಾರೆಯೇ ಎಂದು ನೋಡುತ್ತಿದ್ದರು. ಇದ್ದರೆ ಸಂತೋಷಪಡುತ್ತಿದ್ದರು.

ಹೀಗಿರಲು ನೆರೆಯ ರಾಜ್ಯದಲ್ಲಿ ನೆಲ ಕೊರೆದಾಗ ಎಣ್ಣೆ ಸಿಕ್ಕಿತೆಂಬ ಸುದ್ದಿ ಬಂತು. ಮಹಾರಾಜರಿಗೆ ಹೊಟ್ಟೆ ಉರಿಯಿತು. ರಾಜವೈದ್ಯರು ಜೀರಿಗೆ ಕಷಾಯ ಕೊಟ್ಟರು, ಗುಣ ಕಾಣಲಿಲ್ಲ. ಕೊನೆಗೆ ಮಹಾಮಂತ್ರಿ ಸಮ್ಮತಿರಾಯರು, "ಪ್ರಭುಗಳೂ ಒಂದು ಎಣ್ಣೆ ಬಾವಿ ಕೊರೆಸಿದರೆ ಭೂಮಿತಾಯಿಯ ಜನ್ಮ ಸಾರ್ಥಕವಾದೀತು" ಎಂದಾಗ ಉರಿ ಶಮನವಾಯಿತು.

ಎಲ್ಲಿ ಕೊರೆಯಬೇಕೆಂದು ತಿಳಿಯಲು ತಜ್ಞರ ಸಮಿತಿ ನೇಮಕವಾಯಿತು. ಸಮಿತಿಯವರು ಆರು ತಿಂಗಳು ಅಲೆದು, ಎಣ್ಣೆ ಇದ್ದರೆ ಮೂಡಣ ಬಯಲಿನಲ್ಲಿದೆ, ಅಲ್ಲಿಲ್ಲವಾದರೆ ಎಲ್ಲಿಯೂ ಇಲ್ಲ ಎಂದು ವರದಿ ಕೊಟ್ಟರು. ಆದರೆ ಮೂಡಣ ಬಯಲು ಉಪ್ಪರಿಗೆಯಿಂದ ಕಾಣುತ್ತಿರಲಿಲ್ಲ. ಆದ್ದರಿಂದ ಅರಮನೆಯ ಎದುರಿನ ಮೈದಾನದಲ್ಲಿ ಕೊರೆಯುವುದೆಂದು ತೀರ್ಮಾನವಾಯಿತು. ಸಮಿತಿಯವರಿಗೆ ಶಾಲು ಹೊದಿಸಿ ಕಳಿಸಲಾಯಿತು.

ಕೊರೆಯುವ ಯಂತ್ರ ಸಮುದ್ರದಾಚೆಯ ಒಬ್ಬ ವರ್ತಕನಿಂದ ಬಾಡಿಗೆಗೆ ಬಂತು. ಬಾಡಿಗೆ ದಿನಕ್ಕೆ ಸಾವಿರ ವರಹ. ಯಂತ್ರ ತಿರುಗಿದರೂ ಸಾವಿರ, ನಿಂತರೂ ಸಾವಿರ, ಹಬ್ಬಕ್ಕೆ ರಜೆ ಕೊಟ್ಟರೂ ಸಾವಿರ. "ಏನೇ ಆದರೂ ದರ ಏರುವುದಿಲ್ಲ ಪ್ರಭು, ಇಂಥ ಒಪ್ಪಂದ ಹಿಂದೆ ಯಾರೂ ಮಾಡಿಲ್ಲ" ಎಂದು ಸಮ್ಮತಿರಾಯರು ಸಹಿ ಹಾಕಿದರು. ಕೊರೆಯುವ ಕೆಲಸಕ್ಕೆ ಊರಿನವನೇ ಆದ ಮೇಸ್ತ್ರಿ ದಸ್ತಗಿರಿಯನ್ನು ನೇಮಿಸಿದರು. ಅವನಿಗೆ ಕೆಲಸ ಗೊತ್ತಿತ್ತು. ಆ ಇಡೀ ಯೋಜನೆಯಲ್ಲಿ ನಡೆದ ಏಕೈಕ ಅಚಾತುರ್ಯ ಅದೇ.

ಇಲ್ಲಿ ಓದುಗರಿಗೆ ಪಾತಾಳಗಿರಿಯ ಒಂದು ಪದ್ಧತಿಯನ್ನು ಹೇಳಬೇಕು. ಅಶುಭದ ಮಾತು ಮಹಾರಾಜರ ಕಿವಿಗೆ ಬೀಳುವಂತಿರಲಿಲ್ಲ. ಅದಕ್ಕೆಂದೇ ಮಂಗಳನುಡಿ ಇಲಾಖೆ ಎಂಬುದೊಂದಿತ್ತು. ಪ್ರತಿಯೊಂದು ಅರ್ಜಿ, ವರದಿ, ದೂರು ಮೊದಲು ಅಲ್ಲಿಗೆ ಹೋಗಿ, ಶುಭವಾಗಿ ತಿದ್ದಿಸಿಕೊಂಡು, ಶುಲ್ಕ ಕಟ್ಟಿ, ಅನಂತರ ಆಸ್ಥಾನ ತಲುಪಬೇಕು. ಮಳೆ ಕೈಕೊಟ್ಟರೆ "ಸೂರ್ಯದೇವನ ಕೃಪೆ ಅಧಿಕವಾಗಿದೆ" ಎಂದೂ, ಸೇತುವೆ ಕುಸಿದರೆ "ಸೇತುವೆಯು ನದಿಯ ದರ್ಶನ ಪಡೆದಿದೆ" ಎಂದೂ ಇಲಾಖೆಯ ಮುಖ್ಯಸ್ಥ ಮೃದುಭಾಷಿ ಪಂಡಿತರು ಬರೆಯುತ್ತಿದ್ದರು. ಮೂವತ್ತು ವರ್ಷಗಳ ಸೇವೆಯಲ್ಲಿ ಅವರು ಒಂದೇ ಒಂದು ಕೆಟ್ಟ ಸುದ್ದಿಯನ್ನೂ ಮುಂದೆ ಹೋಗಲು ಬಿಟ್ಟಿರಲಿಲ್ಲ.

ಎರಡು ತಿಂಗಳು ಕೊರೆದು ಮುನ್ನೂರು ಮಾರು ಆಳಕ್ಕೆ ಹೋದಾಗ ಕೊಳವೆ ನೆಲದಲ್ಲಿ ಕಚ್ಚಿಕೊಂಡಿತು. ಮೇಲಕ್ಕೂ ಬಾರದು, ಕೆಳಕ್ಕೂ ಹೋಗದು. ದಸ್ತಗಿರಿ ವರದಿ ಕಳಿಸಿದ. ಅದು ಆಸ್ಥಾನಕ್ಕೆ ಬಂದಾಗ ಹೀಗಿತ್ತು: "ಭೂಮಿತಾಯಿಯು ಪ್ರಭುಗಳ ಕೊಳವೆಯನ್ನು ವಾತ್ಸಲ್ಯದಿಂದ ಹಿಡಿದುಕೊಂಡಿದ್ದಾಳೆ." ಮಹಾರಾಜರ ಕಣ್ಣಲ್ಲಿ ನೀರು ಬಂತು. ಊರಿಗೆಲ್ಲ ಸಿಹಿ ಹಂಚಿದರು. ಆ ದಿನದ ಬಾಡಿಗೆಯೂ ಸಂದಿತು.

ಅದರ ಹಿಂದೆಯೇ ಕೆಸರಿನ ತೊಂದರೆ ಶುರುವಾಯಿತು. ಆಳಕ್ಕೆ ಕೊರೆಯುವಾಗ ಕೊಳವೆಯೊಳಗೆ ತೆಳ್ಳನೆಯ ಕೆಸರನ್ನು ಬಿಡುತ್ತಿರಬೇಕು. ಅದು ತಳಕ್ಕೆ ಹೋಗಿ, ಕಲ್ಲಿನ ಚೂರುಗಳನ್ನು ಹೊತ್ತು, ಹೊರಗಿನ ಸಂದಿಯಿಂದ ಮೇಲೆ ಬರಬೇಕು. ಹೋದ ಕೆಸರು ಬರಲೇ ಇಲ್ಲ. ದಸ್ತಗಿರಿ ಬಿರುಕು ಮುಚ್ಚಲೆಂದು ಅದರಲ್ಲಿ ಶೇಂಗಾ ಸಿಪ್ಪೆ ಕಲಸಿ ಬಿಟ್ಟ. ಸಿಪ್ಪೆಯೂ ಹೋಯಿತು. ಅವನೇ ಖುದ್ದಾಗಿ ಇಲಾಖೆಗೆ ಹೋದ.

"ಪಂಡಿತ್ರೀ, ಕೆಳಗ ನೆಲ ಸೀಳೈತಿ. ಹಾಕಿದ್ದ ರಾಡಿ ಎಲ್ಲೋ ಹರಕೊಂಡು ಹೊಂಟೈತಿ. ಕೊಳವೀನೂ ಸಿಕ್ಕಾಕ್ಕೊಂಡೈತಿ. ಇಲ್ಲಿ ಎಣ್ಣಿ ಇಲ್ರಿ. ಇಲ್ಲಿಗೇ ನಿಲ್ಲಿಸೂದು ಚಲೋ, ಅಷ್ಟು ಬರಕೊಳ್ರಿ ಸಾಕು."

ಮೃದುಭಾಷಿ ಪಂಡಿತರು ಕಣ್ಣು ಮುಚ್ಚಿ ಯೋಚಿಸಿ ಬರೆದರು: "ಭೂಮಿತಾಯಿಯು ಪ್ರಭುಗಳ ನೈವೇದ್ಯವನ್ನು ಸ್ವೀಕರಿಸುತ್ತಿದ್ದಾಳೆ. ಹಸಿವು ಇನ್ನೂ ಇದೆ."

ಮರುದಿನವೇ ರಾಜಾಜ್ಞೆ ಹೊರಟಿತು. ಮನೆಗೊಂದು ಬುಟ್ಟಿ ಎರೆಮಣ್ಣು ಕೊಡತಕ್ಕದ್ದು. ಜನ ಮೊದಲು ಹೊಲದ ಮಣ್ಣು ಕೊಟ್ಟರು, ಆಮೇಲೆ ಹಿತ್ತಿಲ ಮಣ್ಣು ಕೊಟ್ಟರು, ಕೆಲವರು ಗೋಡೆ ಕೆರೆದು ಕೊಟ್ಟರು. ಎಲ್ಲವೂ ಬಾವಿಯೊಳಗೆ ಹೋಯಿತು.

ಮೈದಾನದ ಪಕ್ಕದ ಓಣಿಯಲ್ಲಿ ಗುರುಬಸವ್ವ ಎಂಬಾಕೆ ಖಾನಾವಳಿ ನಡೆಸುತ್ತಿದ್ದಳು. ಅವಳ ಹಿತ್ತಿಲಲ್ಲಿ ಒಂದು ಬಾವಿಯಿತ್ತು. ರಾಜಧಾನಿಯಲ್ಲಿ ಸಿಹಿನೀರು ಇದ್ದದ್ದು ಅದೊಂದರಲ್ಲೇ. ಓಣಿಯ ನಲವತ್ತು ಮನೆಗಳು ಕುಡಿಯುತ್ತಿದ್ದದ್ದೂ ಅದೇ ನೀರನ್ನು. ಒಂದು ದಿನ ಬೆಳಿಗ್ಗೆ ರೊಟ್ಟಿಯ ಹಿಟ್ಟು ನಾದಲು ನೀರು ಸೇದಿದರೆ ಕೊಡದ ತುಂಬ ಕೆಸರು ಬಂತು. ಇನ್ನೊಮ್ಮೆ ಸೇದಿದಳು. ಇನ್ನೂ ಗಟ್ಟಿ ಕೆಸರು. ಗಂಡ ಸತ್ತ ಮೇಲೆ ಆ ಬಾವಿಯ ನೀರಿನಿಂದಲೇ ಅವಳು ಬದುಕು ಕಟ್ಟಿಕೊಂಡವಳು. ಸೀರೆಯ ಸೆರಗು ಸಿಕ್ಕಿಸಿ ನೇರ ಇಲಾಖೆಗೆ ನಡೆದಳು.

"ಯಪ್ಪಾ, ನನ್ನ ಬಾವ್ಯಾಗ ರಾಡಿ ಬರಾಕತ್ತೈತ್ರಿ. ಓಣಿ ಮಂದಿಗೆ ಕುಡ್ಯಾಕ ಹನಿ ನೀರಿಲ್ಲ. ಆ ಎಣ್ಣಿ ಬಾವಿ ಬಂದ್ ಮಾಡ್ರಿ ಅಂತ ರಾಜಾಗ ಹೇಳ್ರಿ."

"'ಇಲ್ಲ', 'ಬಂದ್' ಎಂಬ ಪದಗಳಿಗೆ ಪ್ರತ್ಯೇಕ ಶುಲ್ಕವಿದೆ ತಾಯಿ" ಎಂದರು ಪಂಡಿತರು.

"ಎಷ್ಟರ ಆಗ್ಲಿ, ಬರೀರಿ."

ಪಂಡಿತರು ಬರೆದದ್ದು: "ತಮ್ಮ ಬಡ ಪ್ರಜೆಯ ಬಾವಿಯಲ್ಲಿ ಸಂಪತ್ತು ತಾನಾಗಿ ಉಕ್ಕುತ್ತಿದೆ. ಓಣಿಯ ಜನ ನೀರಿನ ಯೋಚನೆಯನ್ನೇ ಬಿಟ್ಟಿದ್ದಾರೆ."

ಸಂಪತ್ತು ಎಂಬ ಮಾತು ಕೇಳಿ ಮಹಾರಾಜರು ಪಲ್ಲಕ್ಕಿ ಏರಿ ಬಂದೇಬಿಟ್ಟರು. ಗುರುಬಸವ್ವನ ಹಿತ್ತಿಲಲ್ಲಿ ಆಸ್ಥಾನವೇ ನೆರೆಯಿತು. ಬಾವಿಯಿಂದ ಒಂದು ಕೊಡ ಕೆಸರು ಎತ್ತಿ ಬೆಳ್ಳಿ ತಟ್ಟೆಗೆ ಸುರಿದು ಮಹಾರಾಜರ ಮುಂದೆ ಹಿಡಿದರು. ದಸ್ತಗಿರಿ ಬಗ್ಗಿ ನೋಡಿದ, ಬೆರಳಲ್ಲಿ ಕಲಕಿದ, ಒಂದು ಶೇಂಗಾ ಸಿಪ್ಪೆ ಎತ್ತಿ ಹಿಡಿದ.

"ಇದು ನಮ್ಮ ರಾಡೀನರೀ" ಎಂದ. "ಅಲ್ಲಿ ಹಾಕಿದ್ದು ಬಿರುಕಿನಾಗಿಂದ ಹಾದು ಇಲ್ಲಿ ಬಂದೈತಿ. ಅವ್ವನ ಬಾವಿ ನಾವೇ ಕೆಡಿಸೇವಿ."

ಎಲ್ಲರೂ ಮೃದುಭಾಷಿ ಪಂಡಿತರ ಕಡೆ ನೋಡಿದರು. ಪಂಡಿತರು ಗಂಟಲು ಸರಿಮಾಡಿಕೊಂಡು, "ಪ್ರಭುಗಳು ಕೊಟ್ಟದ್ದೆಲ್ಲವೂ ಪ್ರಜೆಯ ಮನೆ ತಲುಪಿದೆ ಎನ್ನುತ್ತಿದ್ದಾನೆ" ಎಂದರು.

"ಅಂದರೆ ಯೋಜನೆಯ ಫಲ ನೇರವಾಗಿ ಫಲಾನುಭವಿಗೆ" ಎಂದರು ಸಮ್ಮತಿರಾಯರು. "ಮಧ್ಯವರ್ತಿಗಳಿಲ್ಲ."

ಮಹಾರಾಜರು ಗಡ್ಡ ನೀವಿಕೊಂಡರು. "ಸಮ್ಮತಿರಾಯರೇ, ಭೂಮಿತಾಯಿಗೆ ಹಸಿವು ಇನ್ನೂ ಇದೆಯೆಂದು ವರದಿಯಿತ್ತಲ್ಲವೇ? ಇಲ್ಲಿ ಕೆಸರು ಯಥೇಚ್ಛವಾಗಿದೆ. ಇದನ್ನೇ ಹೊತ್ತೊಯ್ದು ಅಲ್ಲಿ ಸುರಿದರಾಗದೇ?"

"ಸುರಿದದ್ದು ಮತ್ತೆ ಇಲ್ಲಿಗೇ ಬರುತ್ತದೆ ಪ್ರಭು" ಎಂದರು ಮಹಾಮಂತ್ರಿಗಳು ಗದ್ಗದರಾಗಿ. "ಮತ್ತೆ ಹೊತ್ತೊಯ್ಯಬಹುದು. ಸಂಪೂರ್ಣ ಸ್ವಾವಲಂಬನೆ. ಇಂಥ ಆಲೋಚನೆ ಬೇರೆ ಯಾವ ಅರಸರ ತಲೆಗೂ ಹೊಳೆದಿಲ್ಲ."

ಅದು ಮಾತ್ರ ನಿಜವಾಗಿತ್ತು.

"ನಾನೇನು ಕೇಳಿದ್ನಿ, ನೀವೇನು ಹೇಳಾಕತ್ತೀರಿ?" ಗುರುಬಸವ್ವ ಮಹಾರಾಜರ ಪಲ್ಲಕ್ಕಿಗೆ ಅಡ್ಡ ನಿಂತಳು. "ನನಗ ನೀರು ಬೇಕ್ರಿ. ನಲವತ್ತು ಮನಿ ಮಂದಿ ಏನು ಕುಡೀಬೇಕು?"

"ಆನಂದಬಾಷ್ಪ ತಡೆಯಲಾಗುತ್ತಿಲ್ಲವಂತೆ, ಪ್ರಭು" ಎಂದರು ಪಂಡಿತರು. ಮಹಾರಾಜರು ತಮ್ಮ ಕೈಯಾರೆ ಅವಳಿಗೆ ಶಾಲು ಹೊದಿಸಿದರು.

ಹದಿನೈದು ದಿನದಲ್ಲಿ ಎಲ್ಲ ವ್ಯವಸ್ಥೆಯಾಯಿತು. ಗುರುಬಸವ್ವನ ಬಾವಿಗೆ ಬೇಲಿ ಹಾಕಿ ಕಾವಲು ಇಟ್ಟರು. ಓಣಿಯ ಜನ ಸರದಿಯ ಮೇಲೆ ಕೆಸರು ಸೇದಿ ಮೈದಾನಕ್ಕೆ ಹೊರತೊಡಗಿದರು. ಅಲ್ಲಿ ಸುರಿದದ್ದು ಸಂಜೆಯ ಹೊತ್ತಿಗೆ ಇಲ್ಲಿ ಬರುತ್ತಿತ್ತು. ಕಚ್ಚಿಕೊಂಡ ಕೊಳವೆ ಒಂದು ಗೇಣೂ ಅಲುಗಲಿಲ್ಲ, ಬಾಡಿಗೆ ಒಂದು ದಿನವೂ ತಪ್ಪಲಿಲ್ಲ. ಇನ್ನು ಕುಡಿಯುವ ನೀರಿಗೆ ಸಮ್ಮತಿರಾಯರು ನೆರೆಯ ರಾಜ್ಯದೊಡನೆ ಐವತ್ತು ವರ್ಷಗಳ ಒಪ್ಪಂದ ಮಾಡಿಕೊಂಡರು. ಎಣ್ಣೆ ಸಿಕ್ಕ ಆ ರಾಜ್ಯದವರು ಬಂಡಿಯಲ್ಲಿ ನೀರು ತಂದು ಮಾರುವುದು, ಪಾತಾಳಗಿರಿಯವರು ಕೊಳ್ಳುವುದು.

ವರ್ಷ ತುಂಬಿದಾಗ ಮೈದಾನದಲ್ಲಿ ಭಾರೀ ಸಮಾರಂಭ ನಡೆಯಿತು. ನೆಲದಿಂದ ಮೇಲೆ ಉಳಿದಿದ್ದ ಕೊಳವೆಯ ತುದಿಗೆ ಚಿನ್ನದ ತಗಡು ಹೊದಿಸಿ, ಮಹಾರಾಜರಿಗೆ "ತೈಲಚಕ್ರವರ್ತಿ" ಎಂಬ ಬಿರುದು ಕೊಟ್ಟು ಹೊಸ ಕಿರೀಟ ತೊಡಿಸಿದರು. ದಸ್ತಗಿರಿಗೆ ವೇದಿಕೆಯ ಮೇಲೆ ಮಾತಾಡಲು ಅವಕಾಶವಿತ್ತು, ಭಾಷಣವನ್ನು ಇಲಾಖೆಯೇ ಬರೆದುಕೊಟ್ಟಿತ್ತು. ಅವನು ಓದಲಿಲ್ಲ, ಜ್ವರವೆಂದು ಮನೆಯಲ್ಲೇ ಮಲಗಿದ.

ಅದೇ ಹೊತ್ತಿಗೆ ಗುರುಬಸವ್ವ ಓಣಿಯ ತುದಿಯಲ್ಲಿ ನೀರಿನ ಬಂಡಿಯ ಮುಂದೆ ಕೊಡ ಹಿಡಿದು ನಿಂತಿದ್ದಳು. ಒಂದು ಕೊಡಕ್ಕೆ ಎರಡು ವರಹ. ಅವಳು ಎಣಿಸಿ ಕೊಟ್ಟಳು. ಬಂಡಿಯ ಪಕ್ಕ ಕುಳಿತಿದ್ದ ಮಂಗಳನುಡಿ ಇಲಾಖೆಯ ಗುಮಾಸ್ತ ರಸೀದಿ ಹರಿದು ಕೊಟ್ಟ.

"ಇದರಾಗ ಏನು ಬರದೈತಪ್ಪಾ?"

"ತೈಲಬಾವಿಗೆ ಸ್ವಇಚ್ಛೆಯಿಂದ ನೀಡಿದ ಕಾಣಿಕೆ ಅಂತ, ಅಕ್ಕಾ."

"ನಾ ನೀರು ಕೊಂಡೀನಲ್ಲೋ. ಸ್ವಇಚ್ಛೆ ಅಂದ್ರೇನು?"

ಗುಮಾಸ್ತ ಆಚೀಚೆ ನೋಡಿ ದನಿ ತಗ್ಗಿಸಿದ. "ಕೊಡದಿದ್ರ ನಾಳೆ ನೀರು ಸಿಗೂದಿಲ್ಲ ಅಂತ."

ಮೈದಾನದ ಕಡೆಯಿಂದ ಜಯಘೋಷ ಕೇಳಿಬಂತು. ಗುರುಬಸವ್ವ ರಸೀದಿಯನ್ನು ಸೊಂಟಕ್ಕೆ ಸಿಕ್ಕಿಸಿ, ಕೊಡ ಎತ್ತಿಕೊಂಡು, ಒಂದು ಹನಿಯೂ ಚೆಲ್ಲದ ಹಾಗೆ ನಡೆದಳು.