ಪ್ಯಾಂಟಿನೊಳಗೆ ಸಿಕ್ಕಿಸುವ ಪಿಸ್ತೂಲಿಗೆ ಹಿತವಾದ ಒರೆ ಆರಿಸಿಕೊಳ್ಳುವ ಬಗ್ಗೆ

ಕೌಂಟಿ ರಸ್ತೆಗಳ ಉಸ್ತುವಾರಿ ಕಚೇರಿ, ಆರ್ಕನ್ಸಾ ರಾಜ್ಯ, ಅಮೆರಿಕ
(ಮರ್ಯಾದೆಯ ದೃಷ್ಟಿಯಿಂದ ಕೌಂಟಿಯ ಹೆಸರನ್ನು ಕೈಬಿಡಲಾಗಿದೆ)

ಸಂಖ್ಯೆ: ರಸ್ತೆ/ಸೊಂಟ/ಒಳಗಡೆ/07
ದಿನಾಂಕ: ಅಕ್ಟೋಬರ್ ತಿಂಗಳ ಎರಡನೇ ಗುರುವಾರ

ವಿಷಯ: ಸಿಬ್ಬಂದಿಯು ಬೆಲ್ಟಿನ ಒಳಗಡೆ, ಅಂಗಿಯ ಮರೆಯಲ್ಲಿ ಧರಿಸುವ ಪಿಸ್ತೂಲಿನ ಒರೆಯನ್ನು ಆರಿಸುವಾಗ ಪಾಲಿಸಬೇಕಾದ ಕ್ರಮಗಳ ಕುರಿತು.

ಉಲ್ಲೇಖ: 1) ಕಚೇರಿ ಮುಖ್ಯಸ್ಥರ ಬಲ ಸೊಂಟದ ಮೇಲಿರುವ ಕೆಂಪು ಗುರುತು.
2) ಮುಖ್ಯಸ್ಥರ ಪತ್ನಿ ಶ್ರೀಮತಿ ಅರ್ಲೀನ್ ಪ್ರುವೆಟ್ ಅವರು ಕಳೆದ ಶನಿವಾರ ನೃತ್ಯವನ್ನು ಅರ್ಧಕ್ಕೆ ನಿಲ್ಲಿಸಿ ಆಡಿದ ಮಾತು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಹಿತವಲ್ಲದ ಒರೆಯಿಂದಾಗಿ ಒಬ್ಬ ಹಿರಿಯ ಅಧಿಕಾರಿಯ ಸೊಂಟ, ನಡಿಗೆ, ಮಾನ ಮತ್ತು ದಾಂಪತ್ಯ ಈ ನಾಲ್ಕಕ್ಕೂ ಧಕ್ಕೆ ಬಂದಿರುವುದು ಗಮನಕ್ಕೆ ಬಂದಿದೆ. ಸದರಿ ಅಧಿಕಾರಿಯ ಹೆಸರನ್ನು ಬಹಿರಂಗಪಡಿಸುವಂತಿಲ್ಲ. ಈ ಸುತ್ತೋಲೆಗೆ ಸಹಿ ಹಾಕಿದವರೂ ಅವರೇ ಎಂಬುದನ್ನು ಮಾತ್ರ ತಿಳಿಸಬಹುದಾಗಿದೆ. ಬರುವ ಶನಿವಾರ ನಿವೃತ್ತ ಸೈನಿಕರ ಭವನದಲ್ಲಿ ಮತ್ತೆ ನೃತ್ಯವಿದ್ದು, ಅಂದು ಅವರ ಮದುವೆಯ ವಾರ್ಷಿಕೋತ್ಸವವೂ ಆಗಿರುತ್ತದೆ. ಅಷ್ಟರೊಳಗೆ ವಿಷಯ ಇತ್ಯರ್ಥವಾಗದಿದ್ದಲ್ಲಿ ಶ್ರೀಮತಿಯವರು ಬೇರೆಯವರೊಂದಿಗೆ ಕುಣಿಯುವ ಅಪಾಯವಿರುವುದರಿಂದ, ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಸ್ಥಾನ. ಒರೆಯ ಸ್ಥಾನವನ್ನು ಗಡಿಯಾರದ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಹೊಕ್ಕುಳು ಹನ್ನೆರಡು ಗಂಟೆ, ಬಲ ಸೊಂಟ ಮೂರು, ಅದರ ಹಿಂದೆ ನಾಲ್ಕು. ಹೊಟ್ಟೆ ಮುಂದೆ ಬಂದ ನೌಕರರಿಗೆ ಹನ್ನೆರಡು ಗಂಟೆ ಎಲ್ಲಿದೆ ಎಂಬುದೇ ಕಾಣದಿರುವ ಸಂಭವವಿದ್ದು, ಅಂಥವರು ಕನ್ನಡಿಯ ಅಥವಾ ಮನೆಯವರ ನೆರವು ಪಡೆಯತಕ್ಕದ್ದು. ಮುಂಭಾಗದಲ್ಲಿ ಧರಿಸಿ ಬೂಟಿನ ದಾರ ಕಟ್ಟಲು ಬಗ್ಗಿದ ಅಧಿಕಾರಿಯೊಬ್ಬರು ಆ ಕೆಲಸವನ್ನು ಅಲ್ಲಿಗೇ ಕೈಬಿಟ್ಟು, ಅಂದಿನಿಂದ ದಾರವಿಲ್ಲದ ಬೂಟು ಹಾಕುತ್ತಿದ್ದಾರೆ.

2. ವಸ್ತು. ಚರ್ಮದ ಒರೆ ಮೆತ್ತಗಿರುತ್ತದೆ, ಆದರೆ ಆಗಸ್ಟ್ ತಿಂಗಳಲ್ಲಿ ಬೆವರು ಕುಡಿದು ಕುದುರೆ ಲಾಯದ ವಾಸನೆ ಹೊಡೆಯುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನದು ಬೆವರಿಗೆ ಜಗ್ಗುವುದಿಲ್ಲ, ಹೊಟ್ಟೆಗೂ ಜಗ್ಗುವುದಿಲ್ಲ. ಬೆನ್ನಿಗೆ ಚರ್ಮ, ಎದುರಿಗೆ ಪ್ಲಾಸ್ಟಿಕ್ ಇರುವ ಮಿಶ್ರ ತಳಿಗೆ ಎರಡರ ದುರ್ಗುಣಗಳೂ ಬಂದಿವೆ. ಯಾವುದನ್ನೇ ಆರಿಸಿದರೂ ಅದು ಟ್ರಿಗರನ್ನು ಪೂರ್ತಿಯಾಗಿ ಮುಚ್ಚತಕ್ಕದ್ದು, ಪಿಸ್ತೂಲು ತೆಗೆದ ಮೇಲೂ ಒರೆಯ ಬಾಯಿ ಮುದುಡಬಾರದು. ಈ ಸುತ್ತೋಲೆಯಲ್ಲಿ ಈ ಒಂದು ವಾಕ್ಯವನ್ನು ನಗೆಯಾಡದೆ ಓದತಕ್ಕದ್ದು.

3. ಪ್ಯಾಂಟು. ಒರೆಗೂ ಒಂದಿಷ್ಟು ಜಾಗ ಬೇಕಿರುವುದರಿಂದ ಒಂದು ಅಳತೆ ದೊಡ್ಡ ಪ್ಯಾಂಟು ಕೊಳ್ಳಲು ಅನುಮತಿಸಲಾಗಿದೆ. ಆ ಜಾಗವನ್ನು ಒರೆ ಬರುವುದಕ್ಕೆ ಮುಂಚೆಯೇ ಬಿಸ್ಕೆಟ್ ಎಂಬ ಮೆತ್ತನೆಯ ಬನ್ನು ಮತ್ತು ಮಾಂಸದ ಗ್ರೇವಿಯಿಂದ ತುಂಬಿಕೊಳ್ಳುವುದನ್ನು ನಿಷೇಧಿಸಲಾಗಿದೆ. ಈ ನಿಷೇಧವು ಮುಖ್ಯಸ್ಥರ ವಿಷಯದಲ್ಲಿ ತಡವಾಗಿ ಜಾರಿಗೆ ಬಂದಿರುತ್ತದೆ.

4. ಪರೀಕ್ಷೆ. ಹೊಸ ಒರೆಯನ್ನು ಖಾಲಿ ಪಿಸ್ತೂಲಿನೊಂದಿಗೆ ಮೊದಲು ಮನೆಯಲ್ಲೇ ಧರಿಸಿ ಕೂರುವುದು, ಏಳುವುದು, ಬಗ್ಗುವುದು, ಟ್ರಕ್ಕಿನ ಸೀಟ್‌ಬೆಲ್ಟ್ ಹಾಕುವುದು ಇತ್ಯಾದಿಗಳನ್ನು ಅಭ್ಯಾಸ ಮಾಡತಕ್ಕದ್ದು. ಅಂಗಡಿಯ ಕನ್ನಡಿಯ ಮುಂದೆ ಉಸಿರು ಬಿಗಿಹಿಡಿದು ನಿಂತು ತೃಪ್ತಿಪಡುವುದನ್ನು ಪರೀಕ್ಷೆಯೆಂದು ಪರಿಗಣಿಸಲಾಗುವುದಿಲ್ಲ. ಉಸಿರು ಬಿಟ್ಟ ಮೇಲೆ ಬರುವ ಫಲಿತಾಂಶವೇ ಅಂತಿಮ.

5. ಶೌಚಾಲಯ. ಪ್ಯಾಂಟು ಪಾದದ ಬಳಿಗೆ ಇಳಿದಾಗ ಒರೆಯೂ ಇಳಿಯುತ್ತದೆ ಎಂಬುದನ್ನು ಮಾರಾಟಗಾರರು ಯಾರೂ ಹೇಳುವುದಿಲ್ಲ. ಕಚೇರಿಯ ಶೌಚಾಲಯದಲ್ಲಿ ಮುಖ್ಯಸ್ಥರ ಪಕ್ಕದ ಕೋಣೆಯಲ್ಲಿದ್ದ, ರಸ್ತೆ ಸಮಮಾಡುವ ಗ್ರೇಡರ್ ಯಂತ್ರದ ಚಾಲಕ ಶ್ರೀ ಡ್ಯೂಯಿ ಸ್ಟಿಡಮ್ ಅವರು ತಡಿಕೆಯ ಅಡಿಯಿಂದ ನೋಡಿ ನೀಡಿದ ಹೇಳಿಕೆಯನ್ನು ದಾಖಲಿಸಲಾಗಿದೆ: “ಅಲ್ಲಯ್ಯಾ ಹಾಲಿಸ್, ನಿನ್ನದು ನನ್ನ ಕಡೇನೇ ನೋಡ್ತಾ ಇದೆ. ಸ್ವಲ್ಪ ಆ ಕಡೆ ತಿರುಗಿಸಯ್ಯಾ, ಇಲ್ಲಾಂದ್ರೆ ನಾನು ಬಂದ ಕೆಲಸ ಆಗಲ್ಲ.” ಇನ್ನು ಮುಂದೆ ಸದರಿ ಸಂದರ್ಭದಲ್ಲಿ ಒರೆಯನ್ನು ಪ್ಯಾಂಟಿನ ಮಡಿಕೆಯೊಳಗೆ, ಗೋಡೆಯ ಕಡೆಗೆ ತಿರುಗಿಸಿ ಇಟ್ಟುಕೊಳ್ಳತಕ್ಕದ್ದು. ಕೊಕ್ಕೆಗೆ ನೇತುಹಾಕಿ ಮರೆತುಬರುವ ನೌಕರರಿಗೆ ಕ್ಷಮೆ ಇರುವುದಿಲ್ಲ.

6. ಗೋಪ್ಯತೆ. ಮರೆಯಲ್ಲಿ ಧರಿಸುವುದರ ಉದ್ದೇಶವೇ ಯಾರಿಗೂ ತಿಳಿಯಬಾರದು ಎಂಬುದಾಗಿದೆ. ಹೀಗಿರುವಾಗ ಗಳಿಗೆಗೊಮ್ಮೆ ಮೊಣಕೈಯಿಂದ ಸೊಂಟ ಮುಟ್ಟಿ ನೋಡಿಕೊಳ್ಳುವುದು, ಸೆಕೆಯಲ್ಲೂ ಕೋಟು ಧರಿಸುವುದು, ದಿನಸಿ ಅಂಗಡಿಯಲ್ಲಿ ಕೆಳಗಿನ ಸಾಲಿನ ಹುರುಳಿಕಾಯಿ ಡಬ್ಬಿಗಾಗಿ ಬೆನ್ನು ಬಗ್ಗಿಸದೆ ರಾಣಿಗೆ ವಂದಿಸುವವರಂತೆ ಮಂಡಿ ಮಡಿಸುವುದು ಇವೆಲ್ಲ ನಿಯಮಬಾಹಿರ. ತಮ್ಮ ಗುಟ್ಟು ಯಾರಿಗೂ ಗೊತ್ತಿಲ್ಲವೆಂದೇ ಮುಖ್ಯಸ್ಥರು ಬಹುಕಾಲ ನಂಬಿದ್ದರು. ಗುಮಾಸ್ತೆ ಶ್ರೀಮತಿ ಮಾರ್ವೆಲಾ ಓಕ್ಸ್ ಅವರು ಟೈಪ್ ಮಾಡುವುದನ್ನು ನಿಲ್ಲಿಸದೆಯೇ ಈ ನಂಬಿಕೆಯನ್ನು ರದ್ದುಪಡಿಸಿದರು: “ಬಾಸ್, ಅಷ್ಟು ಸಲ ಮುಟ್ಟಿ ನೋಡ್ಕೋಬೇಡಿ. ಅದೆಲ್ಲೂ ಓಡಿಹೋಗಿಲ್ಲ. ಚರ್ಚಲ್ಲಿ ಪಾದ್ರಿಗೂ ಗೊತ್ತು, ನಿಮಗೆ ಅಂತ ಬೆಂಚಿನ ಬಲಗಡೆ ತುದಿ ಖಾಲಿ ಬಿಡಿಸ್ತಾರೆ.”

7. ವೈದ್ಯಕೀಯ. ಬಲ ಸೊಂಟದಿಂದ ಮೊಣಕಾಲಿನವರೆಗೆ ನೋವು ಬಂದಲ್ಲಿ ಬೆನ್ನು ನೀವುವ ವೈದ್ಯರ ಬಳಿ ಹೋಗುವ ಮುನ್ನ ಒರೆಯನ್ನು ತೆಗೆದು ನೋಡತಕ್ಕದ್ದು. ಒಬ್ಬ ಅಧಿಕಾರಿಯು ಚಿಕಿತ್ಸೆಗೆ ಹೋದಾಗಲೆಲ್ಲ ಒರೆಯನ್ನು ಜಾಗ್ರತೆಯಾಗಿ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಹೋಗುತ್ತಿದ್ದರು. ಅಲ್ಲಿ ನೋವು ಇರುತ್ತಿರಲಿಲ್ಲ. ವೈದ್ಯರ ಕೈಗುಣವನ್ನು ಊರೆಲ್ಲ ಹೊಗಳಿ, ಮನೆಗೆ ಬಂದು ಮತ್ತೆ ಧರಿಸುತ್ತಿದ್ದರು.

8. ತಿರಸ್ಕೃತ ಒರೆಗಳ ವಿಲೇವಾರಿ. ಪಿಸ್ತೂಲು ಇಟ್ಟುಕೊಂಡ ಪ್ರತಿ ಮನೆಯಲ್ಲೂ ಹಿಡಿಸದ ಒರೆಗಳು ತುಂಬಿದ ಒಂದು ಡ್ರಾಯರ್ ಇದ್ದೇ ಇರುತ್ತದೆ. ಅದನ್ನು ತೆರೆದು ತೋರಿಸುವವರು ಯಾರೂ ಇಲ್ಲ. ಅವುಗಳನ್ನು ಕ್ರಿಸ್‌ಮಸ್‌ಗೆ ಅಳಿಯನಿಗೆ ಉಡುಗೊರೆಯಾಗಿ ಕೊಡುವುದನ್ನು ತಕ್ಷಣದಿಂದ ನಿಲ್ಲಿಸತಕ್ಕದ್ದು. ಅಳಿಯನ ಡ್ರಾಯರೂ ತುಂಬಿದೆ ಎಂದು ವರದಿಯಾಗಿದೆ.

9. ನೃತ್ಯ. ನಿಧಾನ ಲಯದ ಹಾಡಿಗೆ ಜೊತೆಗೂಡಿ ಕುಣಿಯುವಾಗ ಒರೆಯು ಸಂಗಾತಿಗೆ ಚುಚ್ಚುವುದನ್ನು ತಪ್ಪಿಸಲು ನಡುವೆ ಒಂದು ಮೊಳ ಅಂತರ ಕಾಯ್ದುಕೊಳ್ಳುವ ಪ್ರಯೋಗವನ್ನು ಕಳೆದ ಶನಿವಾರ ನಡೆಸಲಾಯಿತು. ಪ್ರಯೋಗವು ಹಾಡಿನ ಎರಡನೇ ಚರಣದಲ್ಲಿ ವಿಫಲವಾಯಿತು. ಶ್ರೀಮತಿ ಅರ್ಲೀನ್ ಅವರು ಸಭಾಂಗಣದ ಮಧ್ಯೆಯೇ ನಿಂತು ನೀಡಿದ ಹೇಳಿಕೆ ಹೀಗಿದೆ: “ಮೊದಲ ದಿನದಿಂದ ನಾನು ನಿನ್ನ ಎದೆಗೆ ಒರಗಿ ಕುಣಿದವಳು ಹಾಲಿಸ್. ಈಗ ನೋಡು, ಗೇಟಿನ ಆಚೆ ನಿಂತ ಹಾಗೆ ನಿಂತಿದ್ದೀಯ. ಇನ್ನೊಂದು ಒರೆ ತರ್ತೀನಿ ಅಂತ ಹೇಳಬೇಡ. ಅದು ಚುಚ್ಚಿದರೆ ಚುಚ್ಚಲಿ, ನನಗೇನೂ ಆಗಲ್ಲ. ಯಾರಿಗೆ ಹೆದರಿ ಇದನ್ನ ಕಟ್ಟಿಕೊಂಡೆ, ಅದನ್ನ ಹೇಳು. ಹೇಳಿದ ದಿನ ಕುಣೀತೀನಿ.” ಇಷ್ಟು ಹೇಳಿ ಅವರು ಹುರಿದ ಮೀನು ಹಂಚುವ ಮೇಜಿನ ಬಳಿಗೆ ತೆರಳಿದರು. ಪತ್ನಿಯನ್ನು ಕಳೆದುಕೊಂಡು ಒಂಟಿಯಾಗಿರುವ ಶ್ರೀ ಸ್ಟಿಡಮ್ ಅವರು ತಮ್ಮ ಟೋಪಿ ತೆಗೆದು ತಲೆ ಬಾಚಿಕೊಂಡದ್ದನ್ನು ಗಮನಿಸಲಾಗಿದೆ.

10. ಕಾರಣ. ಸದರಿ ಪ್ರಶ್ನೆಗೆ ಕಚೇರಿಯಲ್ಲಿ ಲಭ್ಯವಿರುವ ಉತ್ತರಗಳನ್ನು ಪರಿಶೀಲಿಸಲಾಯಿತು. ಪಿಸ್ತೂಲು ಇಟ್ಟುಕೊಳ್ಳುವುದು ಸಂವಿಧಾನದ ಹಕ್ಕು ಎಂದು ಹೇಳಬಹುದಾಗಿತ್ತು, ಶ್ರೀಮತಿಯವರು ಕೇಳಿದ್ದು ಅದನ್ನಲ್ಲ. ಕಾಲ ಕೆಟ್ಟಿದೆ ಎಂದು ಹೇಳಬಹುದಾಗಿತ್ತು, ಆದರೆ ಈ ಊರಿನಲ್ಲಿ ನಮಗೆ ನೆನಪಿರುವಷ್ಟು ಕಾಲದಿಂದ ಗುಂಡು ಹಾರಿದ್ದು ಕಸದ ಡಬ್ಬಿ ಕೆದಕಿದ ಒಂದು ರಕೂನ್ ಪ್ರಾಣಿಯ ಮೇಲೆ ಮಾತ್ರ, ಅದೂ ತಪ್ಪಿಸಿಕೊಂಡಿತು. ಆದ್ದರಿಂದ ವಾಸ್ತವಾಂಶವನ್ನು ಈ ಕೆಳಗೆ ನಮೂದಿಸಲಾಗಿದೆ.

ಕಳೆದ ವರ್ಷ ಹೆದ್ದಾರಿಯ ಪೆಟ್ರೋಲ್ ಬಂಕಿನ ಸಾಲಿನಲ್ಲಿ ಒಬ್ಬ ಯುವಕನು ಒಬ್ಬ ಅಧಿಕಾರಿಯ ಹೆಗಲಿಗೆ ಕೈಯಿಟ್ಟು “ಸರಿಯೋ ಮುದುಕಾ” ಎಂದು ಪಕ್ಕಕ್ಕೆ ತಳ್ಳಿದನು. ಅವನ ಕೈಯಲ್ಲಿ ಚಿಪ್ಸ್ ಪೊಟ್ಟಣದ ಹೊರತು ಏನೂ ಇರಲಿಲ್ಲ. ಅಧಿಕಾರಿಯು ಸರಿದು ನಿಂತರು. ಸರಿದದ್ದಷ್ಟೇ ಅಲ್ಲ, ಕ್ಷಮಿಸಿ ಎಂದೂ ಹೇಳಿದರು.

ಕ್ಷಮಿಸಿ ಎಂದದ್ದು ನಾನು. ಹೆದರಿದ್ದು ನಾನು. ಬಿರುಗಾಳಿಗೆ ಬಿದ್ದ ಮರಗಳನ್ನು ಸರಪಳಿ ಕಟ್ಟಿ ಎಳೆದವನು ನಾನು, ಒಬ್ಬ ಹುಡುಗನ ಅಂಗೈಗೆ ಸರಿದುಬಿಟ್ಟೆ. ಮನೆಗೆ ಬಂದು ಅರ್ಲೀನ್‌ಗೆ ಪೆಟ್ರೋಲ್ ಬೆಲೆ ಏರಿದೆ ಎಂದಷ್ಟೇ ಹೇಳಿದೆ. ಮರುದಿನ ಪಿಸ್ತೂಲು ಕೊಂಡೆ. ಅಂದಿನಿಂದ ಒರೆ ಬದಲಾಯಿಸುತ್ತಲೇ ಇದ್ದೇನೆ, ಯಾವುದೂ ಹಿತವಾಗಿಲ್ಲ.

11. ಆದೇಶ. ಮೇಲಿನ ಅಂಶವನ್ನು ಪರಿಗಣಿಸಿ, ಒರೆ ಹಿತವಿಲ್ಲವೆಂದು ದೂರುವ ಪ್ರತಿ ನೌಕರನೂ ಹೊಸದನ್ನು ಕೊಳ್ಳುವ ಮುನ್ನ ಮನೆಯವರೊಂದಿಗೆ ಒಮ್ಮೆ ಕುಳಿತು ಮಾತನಾಡತಕ್ಕದ್ದು ಎಂದು ಈ ಮೂಲಕ ಆದೇಶಿಸಲಾಗಿದೆ. ಮಾತನಾಡಿದ ನಂತರವೂ ಚುಚ್ಚುತ್ತಿದ್ದಲ್ಲಿ ಮಾತ್ರ ಅಂಶ 2 ಮತ್ತು 3ನ್ನು ನೋಡುವುದು. ಪಾಲಿಸದವರು ಮುಖ್ಯಸ್ಥರ ನಡಿಗೆಯನ್ನು ನೋಡಿ ಬುದ್ಧಿ ಕಲಿಯತಕ್ಕದ್ದು.

(ಸಹಿ)
ಹಾಲಿಸ್ ಪ್ರುವೆಟ್
ಮುಖ್ಯಸ್ಥರು
(ನಿಂತುಕೊಂಡೇ ಸಹಿ ಮಾಡಲಾಗಿದೆ)

ಪ್ರತಿಗಳು:
1. ಎಲ್ಲ ಚಾಲಕರಿಗೆ ಮತ್ತು ರಸ್ತೆ ಕೆಲಸಗಾರರಿಗೆ, ಮಾಹಿತಿಗಾಗಿ. ನಗುವವರು ಊಟದ ವಿರಾಮದಲ್ಲಿ ನಗಬಹುದು.
2. ಶ್ರೀಮತಿ ಮಾರ್ವೆಲಾ ಓಕ್ಸ್, ಗುಮಾಸ್ತೆ, ಸೂಚನಾ ಫಲಕಕ್ಕೆ ಹಚ್ಚುವ ಸಲುವಾಗಿ. ಟೈಪ್ ಮಾಡುವಾಗ ಅಂಶ 10ರ ಬಳಿ ಅವರು ಕನ್ನಡಕ ತೆಗೆದು ಒರೆಸಿಕೊಂಡದ್ದನ್ನು ಕಡತಕ್ಕೆ ಸೇರಿಸುವ ಅಗತ್ಯವಿಲ್ಲ.
3. ಶ್ರೀ ಡ್ಯೂಯಿ ಸ್ಟಿಡಮ್, ಗ್ರೇಡರ್ ಚಾಲಕರು, ಶನಿವಾರ ಟೋಪಿ ತೆಗೆಯದಿರುವಂತೆ ಸೂಚನೆಯೊಂದಿಗೆ.
4. ಶ್ರೀಮತಿ ಅರ್ಲೀನ್ ಪ್ರುವೆಟ್. ಇವರಿಗೆ ಪ್ರತಿ ಇರುವುದಿಲ್ಲ. ಇವತ್ತು ಸಂಜೆ ಊಟಕ್ಕೆ ಕುಳಿತಾಗ ನಾನೇ ಬಾಯಿಬಿಟ್ಟು ಹೇಳುತ್ತೇನೆ. ಅದಾಗುವವರೆಗೆ ಮೇಲಿನ ಯಾವ ಪ್ರತಿಯನ್ನೂ ಯಾರಿಗೂ ಕೊಡಕೂಡದು.