ಮಂಗಳವಾರದ ಟೀ

ಮನುಷ್ಯರೆಲ್ಲರೂ ಸಮಾನರು ಎಂಬ ಮಹಾತತ್ವವನ್ನು ನಾನು ಬಹಳ ವರ್ಷಗಳಿಂದ ಸಮಾಜ ವಿಜ್ಞಾನದ ತರಗತಿಯಲ್ಲಿ ಬೋಧಿಸುತ್ತ ಬಂದಿದ್ದೇನೆ. ಬೋಧಿಸಿ ಗಂಟಲೊಣಗಿದಾಗ ಮೊದಲ ಲೋಟದ ಟೀ ನನಗೇ ಬರುತ್ತಿತ್ತು. ಶ್ರೀರಾಂಪುರದ ಹತ್ತಿರದ ನಮ್ಮ ಪ್ರೌಢಶಾಲೆಯಲ್ಲಿ ಟೀ ಇಳಿದು ಬರುವ ಕ್ರಮವೇ ಹಾಗಿತ್ತು: ಮೊದಲು ಮುಖ್ಯೋಪಾಧ್ಯಾಯನಾದ ನಾನು, ಆಮೇಲೆ ಸೇವಾ ಹಿರಿತನದಂತೆ ಶಿಕ್ಷಕರು, ಕೊಟ್ಟಕೊನೆಗೆ ಅದನ್ನು ಕಾಯಿಸಿದ ಅಟೆಂಡರ್ ರುದ್ರಮ್ಮ. ಪಾತ್ರೆಯ ತಳದಲ್ಲಿ ಒಂದಿಷ್ಟು ಉಳಿದರೆ ಅವರು ಬಾಗಿಲ ಬಳಿ ನಿಂತು ಕುಡಿಯುತ್ತಿದ್ದರು. ಉಳಿಯದಿದ್ದರೆ ಪಾತ್ರೆ ತೊಳೆಯುತ್ತಿದ್ದರು.

ಈ ವರ್ಷ ಶಾಲೆ ಶುರುವಾದಾಗ, ಯಾವುದೋ ತರಬೇತಿ ಮುಗಿಸಿ ಬಂದ ಉಮೇದಿನಲ್ಲಿ, ನಾನೊಂದು ನಿಯಮ ಹೊರಡಿಸಿದೆ. ಟೀ ಮಾಡುವುದು ಇನ್ನು ಮೇಲೆ ಸರದಿಯ ಪ್ರಕಾರ. ಮಾಡಿದವರು ಉಳಿದವರಿಗೆಲ್ಲ ಕುಳಿತಲ್ಲಿಗೇ ಕೊಟ್ಟು, ತಾವು ಕೊನೆಗೆ ಕುಡಿಯಬೇಕು. ರುದ್ರಮ್ಮನವರಿಗೂ ಸ್ಟಾಫ್ ರೂಮಿನಲ್ಲಿ ಒಂದು ಕುರ್ಚಿ ಬಂತು. ನನ್ನ ಸರದಿ ಮಂಗಳವಾರ. ಹೊಸದುರ್ಗದ ನಮ್ಮ ಮನೆಯಲ್ಲಿ ಒಲೆ ಯಾವ ದಿಕ್ಕಿಗಿದೆ ಎಂಬುದನ್ನು ನಾನು ಅಂದಾಜಿನ ಮೇಲೆ ಹೇಳಬಲ್ಲೆ, ಅಷ್ಟೇ. ಅಭ್ಯಾಸ ಮಾಡೋಣವೆಂದು ಅಡುಗೆಮನೆಗೆ ಕಾಲಿಟ್ಟಾಗ ಹೆಂಡತಿ, "ಏನು ಕಳಕಂಡ್ರಿ? ಹೇಳ್ರಿ, ನಾನೇ ಹುಡುಕಿ ಕೊಡ್ತೀನಿ" ಎಂದು ಹೊರಗೆ ಕಳಿಸಿದಳು. ಆದರೂ ಎದೆಗುಂದದೆ, ಸಕ್ಕರೆ ಆರೋಗ್ಯಕ್ಕೆ ಒಳ್ಳೆಯದಲ್ಲವೆಂದು, ಶಾಲೆಗೆ ಬೆಲ್ಲ ಕೊಂಡೊಯ್ದು ಕುದಿಯುವ ಹಾಲಿಗೇ ಹಾಕಿದೆ. ಹಾಲು ಕೂಡಲೇ ತನ್ನ ಅಭಿಪ್ರಾಯ ತಿಳಿಸಿತು. ಒಡೆದದ್ದನ್ನೇ ಗಂಭೀರವಾಗಿ ಸೋಸಿ ಹಂಚಿದೆ. ಮುಂದಿನ ವಾರವೂ ಅದೇ ಆಯಿತು; ನಾನು ಬೆಲ್ಲದ ಅಂಗಡಿಯನ್ನು ಮಾತ್ರ ಬದಲಾಯಿಸಿದ್ದೆ.

ಅಂದು ನನ್ನ ಬಗ್ಗೆ ಸಹೋದ್ಯೋಗಿಗಳಲ್ಲಿ ಹಿಂದೆಂದೂ ಕಾಣದ ಗೌರವ ಉಕ್ಕಿತು. ವಿಜ್ಞಾನದ ನಾಗರಾಜ್ ಎದ್ದು ನಿಂತು, "ಸಾರ್, ನೀವು ದೊಡ್ಡೋರು. ಒಲೆ ಮುಂದೆ ನಿಂತ್ಕಳಾದನ್ನ ನಮ್ ಕೈಲಿ ನೋಡಾಕಾಗಲ್ಲ" ಎಂದ.

"ನೋಡಾಕೋ, ಕುಡಿಯಾಕೋ?"

"ಎರಡೂ ಅಂತಿಟ್ಕಳ್ರಿ. ನಿಮ್ ಸರದೀನೂ ರುದ್ರಮ್ಮನೇ ಮಾಡ್ಲಿ."

ದೊಡ್ಡವನೆನಿಸಿಕೊಳ್ಳುವುದರಲ್ಲಿ ಒಂದು ಸುಖವಿದೆ. ಆಗಲಿ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ರುದ್ರಮ್ಮ ಕುರ್ಚಿಯಿಂದ ಅಲುಗಾಡದೆ ಹೇಳಿದರು: "ಬ್ಯಾಡ ಸಾರ್. ಇವತ್ತು ನೀವು ಬಿಟ್ರೆ ನಾಳೆ ನಾಗರಾಜ್ ಸಾರ್‌ಗೆ ಸೊಂಟ ನೋವು ಬರ್ತೈತೆ. ಆಮ್ಯಾಕೆ ಇನ್ನೊಬ್ರಿಗೆ ಪೇಪರ್ ತಿದ್ದೋದು ಇರ್ತೈತೆ. ಕೊನಿಗೆ ನಾನು ಎದ್ದೋಗಿ ಬಾಗ್ಲಾಗೆ ನಿಂತ್ಕಬೇಕು."

"ಹಂಗಾರೆ ಈ ಟೀ ಕುಡಿಯಾದು ಹೆಂಗಮ್ಮ?" ಎಂದ ನಾಗರಾಜ್.

"ಕೆಟ್ಟದಾಗೈತೆ, ಸುಳ್ಳ್ಯಾಕೆ ಹೇಳ್ಲಿ. ಕುಂತ್ಕಂಡು ಕುಡುದ್ರೆ ಇಳೀತೈತೆ."

ಅವರು ಲೋಟ ಬರಿದು ಮಾಡಿ ಕೆಳಗಿಟ್ಟರು. ನಾಗರಾಜ್ ಕುಳಿತ. ಎಲ್ಲರೂ ಔಷಧಿಯಂತೆ ಕಣ್ಣುಮುಚ್ಚಿ ಕುಡಿದರು. ಕೊನೆಯ ಲೋಟ ನಿಯಮದಂತೆ ನನ್ನದಾಯಿತು. ಅದನ್ನು ಕುಡಿದ ಮೇಲೆ ನನ್ನ ದೊಡ್ಡತನದ ಬಗ್ಗೆ ನನಗೂ ಹೆಚ್ಚಿನ ಭ್ರಮೆ ಉಳಿಯಲಿಲ್ಲ.

ನಿಯಮ ಇಂದಿಗೂ ಜಾರಿಯಲ್ಲಿದೆ. ಮಂಗಳವಾರ ಟೀ ನಾನೇ ಮಾಡುತ್ತೇನೆ. ಬೆಲ್ಲದ ಡಬ್ಬಿ ಬೀರುವಿನಲ್ಲಿದೆ. ಬೀರುವಿನ ಕೀಲಿ ರುದ್ರಮ್ಮನವರ ಹತ್ತಿರ ಇದೆ.